ಬರಿಗಾಲಲ್ಲಿ ಲಂಡನ್ನಿಗೆ: ಬೆಂಗಳೂರಿನ ಅಹ್ಮದ್ ಖಾನ್

ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಯಾವ ಹುಡುಗನನ್ನು ಕೇಳಿದರೂ ಕರ್ನಾಟಕದ ಕ್ರಿಕೆಟಿಗರ ಹೆಸರು ಪಟಪಟನೆ ಹೇಳುತ್ತಾನೆ. ವಿಶ್ವನಾಥ್, ಪ್ರಸನ್ನ, ಕುಂಬ್ಳೆ, ದ್ರಾವಿಡ್. ಶ್ರೀನಾಥ್ ಅವರ ಹೆಸರಿನ ಮುಂದಂತೂ ನಮ್ಮ ಜಾವಗಲ್ ಊರೇ ಕೂತಿದೆ. ಆದರೆ ಎರಡು ಒಲಿಂಪಿಕ್ಸ್‌ಗಳಲ್ಲಿ ದೇಶಕ್ಕಾಗಿ ಆಡಿದ, ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿದ್ದ ಬೆಂಗಳೂರಿನ ಫುಟ್‌ಬಾಲ್ ಆಟಗಾರ ಅಹ್ಮದ್ ಖಾನ್ ಅವರ ಹೆಸರು ಆ ಪಟ್ಟಿಗೆ ಬರುವುದಿಲ್ಲ. ಇವತ್ತು ಅವರ ಕಥೆಯನ್ನೇ ಹೇಳುತ್ತೇನೆ.

ಅಹ್ಮದ್ ಖಾನ್ ಹುಟ್ಟಿದ್ದು 1926ರಲ್ಲಿ, ಬೆಂಗಳೂರಿನಲ್ಲಿ. ಆಗ ದಂಡಿನ ಪ್ರದೇಶದ ಬಯಲುಗಳಲ್ಲಿ ಬ್ರಿಟಿಷ್ ಸಿಪಾಯಿಗಳು ಆಡುವ ಫುಟ್‌ಬಾಲನ್ನು ಸುತ್ತಲಿನ ಹುಡುಗರು ನೋಡಿ ನೋಡಿಯೇ ಕಲಿತರು. ಕಲಿತವರು ಕಲಿಸಿದವರನ್ನೇ ಸೋಲಿಸುವ ಕಾಲವೂ ಬೇಗನೆ ಬಂತು. ಬೊಂಬಾಯಿಯ ರೋವರ್ಸ್ ಕಪ್ಪನ್ನು ಅಲ್ಲಿಯವರೆಗೆ ಬಹುಮಟ್ಟಿಗೆ ಬಿಳಿಯರ ಪಲ್ಟನ್ನುಗಳೇ ಒಯ್ಯುತ್ತಿದ್ದವು. 1937ರಲ್ಲಿ ಅದನ್ನು ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ. ಮರುವರ್ಷವೂ ಅವರೇ ಗೆದ್ದರು. ಬೆಂಗಳೂರಿನಿಂದ ಪುಣೆಯತ್ತ ಹೋಗುವ ಮೀಟರ್‌ಗೇಜ್ ಹಳಿ ಆಗ ನಮ್ಮ ಅರಸೀಕೆರೆ ಜಂಕ್ಷನ್ ಹಾದು ಹೋಗುತ್ತಿತ್ತು ಎಂಬುದನ್ನು ನೆನೆದರೆ ಆ ಗೆಲುವು ನಮಗೆ ಇನ್ನೂ ಸ್ವಲ್ಪ ಹತ್ತಿರವಾಗುತ್ತದೆ. ಅದೇ ಬೆಂಗಳೂರು ಮುಸ್ಲಿಮ್ಸ್ ಪರ ಆಡಿ ಬೆಳೆದವರು ಅಹ್ಮದ್ ಖಾನ್. 1946-47ರಲ್ಲಿ ಮೈಸೂರು ಸಂಸ್ಥಾನದ ತಂಡ ಬಲಾಢ್ಯ ಬಂಗಾಳವನ್ನು ಸೋಲಿಸಿ ಮೊದಲ ಬಾರಿಗೆ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ ಇಡೀ ದೇಶದ ಕಣ್ಣು ಇತ್ತ ತಿರುಗಿತು.

ಮುಂದಿನದು ಲಂಡನ್. 1948ರ ಜುಲೈ 31. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡಕ್ಕೆ ಅದು ಮೊದಲ ಒಲಿಂಪಿಕ್ಸ್, ಎದುರಿಗೆ ಫ್ರಾನ್ಸ್. ನಮ್ಮ ಹನ್ನೊಂದು ಜನರಲ್ಲಿ ಬಹುಪಾಲು ಮಂದಿಯ ಕಾಲಿಗೆ ಬೂಟಿರಲಿಲ್ಲ. ಕೆಲವರು ಪಾದಕ್ಕೆ ಪಟ್ಟಿ ಸುತ್ತಿಕೊಂಡಿದ್ದರು, ಅಷ್ಟೇ. ಇದನ್ನು ಬಡತನದ ಕಥೆಯಾಗಿ ಮಾತ್ರ ಹೇಳುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಒಣ ಗಟ್ಟಿ ನೆಲದ ಮೇಲೆ ಬರಿಗಾಲು ಒಂದು ವಿದ್ಯೆಯೇ ಆಗಿತ್ತು. ಅಂಗಾಲಿಗೆ ಚೆಂಡು ಎಲ್ಲಿದೆ ಎಂದು ನೋಡದೆಯೇ ತಿಳಿಯುತ್ತದೆ. ಹೆಬ್ಬೆರಳಿನಿಂದ ಸುಮ್ಮನೆ ತಾಕಿಸಿದರೆ ಸಾಕು, ಚೆಂಡು ದಿಕ್ಕು ಬದಲಿಸುತ್ತದೆ. ಎಡಗಡೆಯ ಒಳ ಫಾರ್ವರ್ಡ್ ಆಗಿ ಆಡುತ್ತಿದ್ದ ಅಹ್ಮದ್ ಖಾನ್ ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದರೆಂದರೆ, ಎದುರಾಳಿಗಳ ನಡುವೆ ಅವರು ಚೆಂಡನ್ನು ಆಡಿಸಿಕೊಂಡು ಸಾಗುವುದನ್ನು ಕಂಡ ಜನ ಅವರನ್ನು ಹಾವಾಡಿಗ ಎಂದೇ ಕರೆದರು.

ಆ ದಿನ ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ನಮಗೆ ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಎಪ್ಪತ್ತನೇ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಹೊಡೆದ ರಾಮನ್ ಕೂಡ ಬೆಂಗಳೂರಿನವರೇ. ಆಟ ಮುಗಿಯಲು ಒಂದೇ ನಿಮಿಷ ಇದ್ದಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಆದರೂ ಮೈದಾನದಲ್ಲಿದ್ದವರು ಕೊಂಡಾಡಿದ್ದು ಸೋತ ತಂಡವನ್ನು.

ಇದೇ ಕಾಲದ ಇನ್ನೊಬ್ಬ ಆಟಗಾರರನ್ನು ಅಹ್ಮದ್ ಖಾನರ ಪಕ್ಕದಲ್ಲಿಟ್ಟು ನೋಡೋಣ. ಆ ಒಲಿಂಪಿಕ್ಸ್‌ಗೆ ಅವರ ದೇಶವಾದ ಜರ್ಮನಿಯನ್ನು ಕರೆದಿರಲಿಲ್ಲ. ಯುದ್ಧದ ಪಾಪ ಆ ದೇಶದ ತಲೆಯ ಮೇಲಿತ್ತು. ಅಲ್ಲಿನ ಕೈಸರ್ಸ್‌ಲೌಟರ್ನ್ ಎಂಬ ಊರಿನಲ್ಲಿ ಅಹ್ಮದ್ ಖಾನರಿಗಿಂತ ಆರು ವರ್ಷ ದೊಡ್ಡವರಾದ ಫ್ರಿಟ್ಸ್ ವಾಲ್ಟರ್ ಎಂಬ ಆಟಗಾರರಿದ್ದರು. ಅವರೂ ಒಳ ಫಾರ್ವರ್ಡ್. ಸೈನ್ಯಕ್ಕೆ ಸೇರಿಸಲ್ಪಟ್ಟು, ಯುದ್ಧಕೈದಿಯಾಗಿ ಸಿಕ್ಕು, 1945ರಲ್ಲಿ ಊರಿಗೆ ಮರಳಿದವರು. ಸ್ಪೇನಿನ ಶ್ರೀಮಂತ ಕ್ಲಬ್ಬು ದೊಡ್ಡ ಮೊತ್ತ ಕೊಡುತ್ತೇವೆಂದು ಕರೆದರೂ ಅವರು ಹೋಗಲಿಲ್ಲ. ಹುಟ್ಟೂರಿನ ಕ್ಲಬ್ಬಿಗೇ ಕೊನೆಯವರೆಗೆ ಆಡಿದರು. ಇಂದು ಆ ಊರಿನ ಕ್ರೀಡಾಂಗಣಕ್ಕೆ ಅವರದೇ ಹೆಸರಿದೆ.

ಅಹ್ಮದ್ ಖಾನರ ದಾರಿ ಬೇರೆಯಾಯಿತು. 1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಊರು ಬಿಟ್ಟರೆಂದು ಯಾರೂ ಅವರನ್ನು ದೂರುವಂತಿಲ್ಲ. ಬೇಲೂರಿನ ಮದನಿಕೆಯರನ್ನು ಕೆತ್ತಿದ ದಾಸೋಜ, ಅವನ ಮಗ ಚಾವಣ ಎಲ್ಲಿಯವರು? ಬಳ್ಳಿಗಾವೆಯವರು. ಆಶ್ರಯ ಎಲ್ಲಿತ್ತೋ ಅಲ್ಲಿಗೆ ಬಂದರು, ಕೆತ್ತಿದ ಕಲ್ಲಿನ ಬುಡದಲ್ಲಿ ತಮ್ಮ ಊರಿನ ಹೆಸರನ್ನೂ ಬರೆದರು. ಫುಟ್‌ಬಾಲಿನ ಆಶ್ರಯ ಆಗ ಕಲ್ಕತ್ತೆಯಲ್ಲಿತ್ತು. ಅಲ್ಲಿಯೂ ಹೆಸರಿಗೆ ಎಲ್ಲರೂ ಹವ್ಯಾಸಿಗಳೇ. ಇರಲು ಒಂದು ಮೆಸ್ಸು, ಊಟ, ಕೈಖರ್ಚು, ಕೆಲವರಿಗೆ ಯಾವುದಾದರೂ ಕಂಪನಿಯಲ್ಲಿ ನೌಕರಿ. ಜರ್ಮನಿಯಲ್ಲೂ ವೃತ್ತಿಪರ ಆಟಗಾರರ ರಾಷ್ಟ್ರೀಯ ಲೀಗ್ ಶುರುವಾದದ್ದು 1963ರಲ್ಲಿ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಫ್ರಿಟ್ಸ್ ವಾಲ್ಟರ್ ಬದುಕಿಗಾಗಿ ಲಾಂಡ್ರಿಯನ್ನೂ ಸಿನಿಮಾ ಟಾಕೀಸನ್ನೂ ನಡೆಸುತ್ತಿದ್ದರು.

ಕಲ್ಕತ್ತೆಯಲ್ಲಿ ಈಸ್ಟ್ ಬೆಂಗಾಲಿನ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್, ಸಾಲೇ, ಈ ಐವರು ಫಾರ್ವರ್ಡ್‌ಗಳಿಗೆ ಜನ ಇಟ್ಟ ಹೆಸರು ಪಂಚಪಾಂಡವರು. ಐವರೂ ದಕ್ಷಿಣದಿಂದ ಹೋದವರು. ಅವರಲ್ಲಿ ಧನರಾಜ್ ನಮ್ಮ ಬೆಂಗಳೂರಿನವರು, 1948ರ ಒಲಿಂಪಿಕ್ಸ್ ತಂಡದಲ್ಲಿದ್ದವರು. 1949, 1950, 1951, ಸತತ ಮೂರು ವರ್ಷ ಕಲ್ಕತ್ತೆಯ ಐಎಫ್‌ಎ ಶೀಲ್ಡ್ ಪಂದ್ಯಾವಳಿ ಈಸ್ಟ್ ಬೆಂಗಾಲಿನ ಪಾಲಾಯಿತು. ದೇಶ ಒಡೆದು, ಮನೆಮಠ ಕಳೆದುಕೊಂಡು ಪೂರ್ವ ಬಂಗಾಳದಿಂದ ಬಂದಿದ್ದ ಲಕ್ಷಾಂತರ ಜನಕ್ಕೆ ಆ ಕ್ಲಬ್ಬೇ ಒಂದು ಊರಾಗಿತ್ತು. ಅವರ ಮುಖದಲ್ಲಿ ಸಂಜೆಹೊತ್ತು ನಗು ತಂದವರಲ್ಲಿ ನಮ್ಮ ನೆಲದ ಹುಡುಗರೂ ಇದ್ದರು. ಗೆದ್ದ ಕಪ್ಪುಗಳಿಗಿಂತ ಇದು ದೊಡ್ಡದು ಎಂದೇ ನಾನು ನಂಬಿದ್ದೇನೆ.

1951ರ ಮಾರ್ಚಿನಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಆ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. ಅದಕ್ಕೂ ಹಿಂದಿನ ವರ್ಷ ಬ್ರೆಜಿಲಿನ ವಿಶ್ವಕಪ್ಪಿಗೆ ಭಾರತಕ್ಕೆ ಸ್ಥಾನವಿದ್ದರೂ ತಂಡ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡದ್ದೇ ಕಾರಣ ಎಂಬ ಮಾತು ಊರೆಲ್ಲ ಹಬ್ಬಿದೆ. ಅಸಲಿಗೆ, ಅಷ್ಟು ದೂರದ ಪ್ರಯಾಣದ ಬಗ್ಗೆ ಹಿಂಜರಿಕೆ ಇತ್ತು, ಒಲಿಂಪಿಕ್ಸೇ ಮುಖ್ಯ ಎಂಬ ಭಾವನೆ ಆಡಳಿತಗಾರರಲ್ಲಿತ್ತು. ಇಪ್ಪತ್ತಮೂರರ ಹರೆಯದ ಅಹ್ಮದ್ ಖಾನ್ ವಿಶ್ವಕಪ್ಪಿನಲ್ಲಿ ಆಡುವುದನ್ನು ಲೋಕ ನೋಡದೇ ಹೋಯಿತಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಬೂಟಿನ ಪ್ರಶ್ನೆ ನಿಜಕ್ಕೂ ಎದ್ದದ್ದು 1952ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ. ಅಲ್ಲಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು. ನಾಲ್ಕು ಗೋಲು ಹೊಡೆದ ಬ್ರಾಂಕೊ ಜೆಬೆಕ್ ಮುಂದೆ ಜರ್ಮನಿಯ ಬಾಯರ್ನ್ ಮ್ಯೂನಿಕ್ ತಂಡದ ಕೋಚ್ ಆಗಿ 1969ರಲ್ಲಿ ಲೀಗ್ ಗೆಲ್ಲಿಸಿಕೊಟ್ಟರು. ಇಂಥವರ ಎದುರು, ಹತ್ತು ಗೋಲುಗಳ ಹಿಂದೆ ಬಿದ್ದ ಮೇಲೂ ಕೈಚೆಲ್ಲದೆ, ಕೊನೆಯ ಗಳಿಗೆಯಲ್ಲಿ ಭಾರತದ ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್. ಆ ಸೋಲಿನ ನಂತರ ನಮ್ಮಲ್ಲಿ ಬೂಟು ಕಡ್ಡಾಯವಾಯಿತು. ಎರಡು ವರ್ಷ ಕಳೆದು, 1954ರ ವಿಶ್ವಕಪ್ ಫೈನಲಿನಲ್ಲಿ, ಬರ್ನ್ ನಗರದ ಮಳೆಯಲ್ಲಿ, ಫ್ರಿಟ್ಸ್ ವಾಲ್ಟರ್ ತಂಡ ಹಂಗೆರಿಯನ್ನು 3-2ರಿಂದ ಮಣಿಸಿತು. ಅವರ ಬೂಟುಗಳಿಗೆ ತಿರುಗಿಸಿ ಹಾಕುವ ಉದ್ದ ಗುಬುಟುಗಳನ್ನು ಒದಗಿಸಿದವರು ಅಡಿ ಡಾಸ್ಲರ್. ಕೆಸರಿನಲ್ಲಿ ಹಿಡಿತ ಕೊಟ್ಟದ್ದು ಆ ಗುಬುಟುಗಳು. ಬರಿಗಾಲಿನ ಕಾಲ ಅಲ್ಲಿಗೆ ಮುಗಿಯಿತು.

ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು, ತೊಂಬತ್ತು ವರ್ಷ ತುಂಬಿದವರಾಗಿ, ಬೆಂಗಳೂರಿನಲ್ಲೇ ತೀರಿಕೊಂಡರು. ಅಷ್ಟರೊಳಗೆ ಊರಿನ ಆಟದ ಚಹರೆಯೇ ಬದಲಾಗಿತ್ತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2021ರಲ್ಲಿ ಆ ಕ್ಲಬ್ಬಿಗೆ ಕೋಚ್ ಆಗಿ ಬಂದವರು ಜರ್ಮನಿಯ ಮಾನ್‌ಹೈಮ್‌ನಲ್ಲಿ ಹುಟ್ಟಿದ ಮಾರ್ಕೊ ಪೆಜ್ಜಾಯುವೋಲಿ. ಫ್ರಿಟ್ಸ್ ವಾಲ್ಟರ್ ತಂಡವನ್ನು ವಿಶ್ವಕಪ್ಪಿಗೆ ಸಜ್ಜುಗೊಳಿಸಿದ ಸೆಪ್ ಹೆರ್ಬೆರ್ಗರ್ ಹುಟ್ಟಿದ್ದೂ ಅದೇ ಮಾನ್‌ಹೈಮ್‌ನಲ್ಲಿ. ಇನ್ನು ಸಂತೋಷ್ ಟ್ರೋಫಿಯನ್ನು ನಮ್ಮವರು 1968-69ರಲ್ಲಿ, ಇನ್ನೂ ಮೈಸೂರು ಎಂಬ ಹೆಸರಿದ್ದಾಗ ಗೆದ್ದದ್ದೇ ಕೊನೆ. ಮತ್ತೆ ಅದು ಕೈಗೆ ಬಂದದ್ದು 54 ವರ್ಷಗಳ ಮೇಲೆ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್‌ನಲ್ಲಿ. ಮೇಘಾಲಯವನ್ನು 3-2ರಿಂದ ಸೋಲಿಸಿದ ಆ ತಂಡ ಕರ್ನಾಟಕ ಎಂಬ ಹೆಸರಿನಲ್ಲಿ ಆ ಕಪ್ಪನ್ನು ಎತ್ತಿ ಹಿಡಿದದ್ದು ಅದೇ ಮೊದಲು.