ಕದಲಿಯೂ ನೆಲೆಗೆ ಮರಳುವ ಕುದುರೆ

ಪೀಣ್ಯದ ಎರಡನೆಯ ಹಂತದ ಒಂದು ಓಣಿಯಲ್ಲಿ, ಲೇತಿನ ಹತಾರಗಳಿಗೆ ಸಾಣೆ ಹಿಡಿಯುವುದನ್ನೇ 30 ವರ್ಷಗಳಿಂದ ಕಸುಬಾಗಿಸಿಕೊಂಡಿರುವ ಮಿತ್ರರೊಬ್ಬರು ನನಗಿದ್ದಾರೆ. ಕಳೆದ ವರ್ಷ ಒಂದು ಶನಿವಾರ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ, ತನ್ನ ಎಲೆಕ್ಟ್ರಿಕ್ ಗಿಟಾರಿನ ಕುದುರೆಯನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡು, ನೇರಳೆ ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು ಹಸಿರು ಮಾರ್ಗ ಹಿಡಿದು ಪೀಣ್ಯಕ್ಕೆ ಬಂದನು. "ಮಾವ, ಹಿಡಿ ಒತ್ತಿ ಬಿಟ್ರೆ ಸಾಕು, ಶ್ರುತಿ ಹೋಗ್ಬಿಡುತ್ತೆ" ಎಂಬುದು ಅವನ ಅಳಲು. ಮಿತ್ರರು ಗಿಟಾರನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಆದರೂ ಆ ಲೋಹದ ತಟ್ಟೆಯನ್ನು ಬೆಳಕಿಗೆ ಎತ್ತಿ, ಅದರ ಮುಂದಿನ ಅಂಚಿನ ಮೇಲೆ ಉಗುರನ್ನು ಒಮ್ಮೆ ಎಳೆದು, "ಅಲಗು ಹೋಗಿದೆ ಸಾರ್" ಎಂದು ಕ್ಷಣಮಾತ್ರದಲ್ಲಿ ನಿರ್ಣಯ ಹೇಳಿದರು. ನಾನು ಇಂದು ಹೇಳಬೇಕೆಂದಿರುವುದು ಆ ಅಲಗಿನ ಕಥೆಯನ್ನು.

ವೀಣೆಯನ್ನು ಬಲ್ಲವರಿಗೆ ಕುದುರೆ ಯಾವುದು, ಮೇರು ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗಿಟಾರಿನಲ್ಲಿಯೂ ತಂತಿಗಳು ಒಂದು ತುದಿಯಲ್ಲಿ ಕುದುರೆಯನ್ನೇರಿ, ಇನ್ನೊಂದು ತುದಿಯಲ್ಲಿ ಮೇರುವನ್ನು ದಾಟಿ ಬಿರಡೆಗಳಿಗೆ ಸುತ್ತಿಕೊಳ್ಳುತ್ತವೆ. ವೈಣಿಕರು ಕಂಪಿತವನ್ನು ಬೆರಳಿನಿಂದ ತಂತಿಯನ್ನೆಳೆದು ಸಾಧಿಸಿದರೆ, ಪಶ್ಚಿಮದವರು ಕುದುರೆಯನ್ನೇ ಒಂದು ಹಿಡಿಯಿಂದ ಕದಲಿಸಿ ಆರು ತಂತಿಗಳನ್ನೂ ಏಕಕಾಲದಲ್ಲಿ ತೂಗಿಸಲು ಬಯಸಿದರು. ಅಮೆರಿಕದ ಡಾಕ್ ಕಾಫ್‌ಮನ್ 1930ರ ದಶಕದಲ್ಲಿಯೇ ಇಂಥದೊಂದು ಯಂತ್ರವನ್ನು ಮಾಡಿದ್ದರು; ಅನಂತರ ಪಾಲ್ ಬಿಗ್ಸ್‌ಬಿಯವರದು ಬಂದಿತು; 1954ರಲ್ಲಿ ಲಿಯೋ ಫೆಂಡರ್ ತಮ್ಮ ಸ್ಟ್ರಾಟೊಕಾಸ್ಟರಿಗೆ ಹಿಂದಿನಿಂದ ಸ್ಪ್ರಿಂಗುಗಳು ಎಳೆದು ಹಿಡಿಯುವ ಕುದುರೆಯನ್ನು ಜೋಡಿಸಿ, ಅದನ್ನು ಟ್ರೆಮೊಲೊ ಎಂದು ಕರೆದರು. ನಾದದ ಬಲವು ಏರಿಳಿಯುವುದಕ್ಕೆ ಸಲ್ಲಬೇಕಾದ ಆ ಹೆಸರು ಸ್ವರಸ್ಥಾನವೇ ತೂಗಾಡುವ ಈ ಕ್ರಿಯೆಗೆ ಒಪ್ಪುವುದಿಲ್ಲವಾದರೂ, ಅದು ಇಂದಿನವರೆಗೂ ಅಂಟಿಕೊಂಡೇ ಇದೆ.

ಫೆಂಡರರ ಕುದುರೆ ಮೃದುವಾದ ಅಲೆಗೆ ಸೊಗಸಾದುದು. ಆದರೆ 1960ರ ದಶಕದ ಕೊನೆಗೆ ಜಿಮಿ ಹೆಂಡ್ರಿಕ್ಸ್ ಆ ಹಿಡಿಯನ್ನು ಮರದ ಒಡಲಿಗೆ ತಾಗುವಷ್ಟು ಅದುಮಿ, ವಿಮಾನಗಳ ಮೊರೆತವನ್ನೂ ಸಿಡಿಗುಂಡಿನ ಸದ್ದನ್ನೂ ಹೊರಡಿಸತೊಡಗಿದಾಗ, ಸಡಿಲಗೊಂಡ ತಂತಿ ಮೇರುವಿನ ಕಚ್ಚಿನಲ್ಲಿ ಜಾರಿ, ಮರಳಿ ಬಿಗಿಯಾಗುವಾಗ ಅಲ್ಲಿಯೇ ಸಿಕ್ಕಿಕೊಳ್ಳುತ್ತಿದ್ದಿತು. ಬಿರಡೆಯ ಸುತ್ತುಗಳೂ ತುಸು ಸರಿಯುತ್ತಿದ್ದವು. ಹಿಡಿಯನ್ನು ಬಿಟ್ಟ ಮೇಲೆ ಬರುವ ಸ್ವರ ಮೊದಲಿನ ಸ್ವರವಾಗಿರುತ್ತಿರಲಿಲ್ಲ.

ಇಲ್ಲಿ ನನಗೆ ಬಹು ಪ್ರಿಯನಾದ ಒಬ್ಬ ವ್ಯಕ್ತಿ ಪ್ರವೇಶಿಸುತ್ತಾನೆ. ಫ್ಲಾಯ್ಡ್ ರೋಸ್ ಎಂಬ ಈತನು ಹೆಂಡ್ರಿಕ್ಸ್ ಮತ್ತು ಡೀಪ್ ಪರ್ಪಲ್ ತಂಡದ ಸಂಗೀತಕ್ಕೆ ಮರುಳಾಗಿ ರಾಕ್ ತಂಡವೊಂದರಲ್ಲಿ ಗಿಟಾರ್ ನುಡಿಸುತ್ತಿದ್ದನು. ಜೊತೆಗೆ ಒಡವೆಗಳನ್ನೂ ಮಾಡುತ್ತಿದ್ದನು. ಯಂತ್ರಶಾಸ್ತ್ರದ ಪಂಡಿತನಾಗಿದ್ದರೆ ಪ್ರಾಯಶಃ ಘರ್ಷಣೆಯನ್ನು ತಗ್ಗಿಸುವ ಉಪಾಯವನ್ನು ಹುಡುಕುತ್ತಿದ್ದನೇನೋ. ಹರಳನ್ನು ಅಲುಗದಂತೆ ಕೂರಿಸುವ ಅಕ್ಕಸಾಲಿಯ ಕೈಗೆ ಹೊಳೆದುದು ಬೇರೆಯೇ ಮಾರ್ಗ: ಜಾರುವುದನ್ನು ಸುಗಮಗೊಳಿಸುವ ಬದಲು ಜಾರುವುದಕ್ಕೆ ಆಸ್ಪದವನ್ನೇ ಕೊಡದಿರುವುದು. 1976ರ ಸುಮಾರಿಗೆ, ಒಡವೆ ಕೆಲಸದ ಆ ಸಣ್ಣ ಸಾಧನಗಳಿಂದಲೇ, ಹಿತ್ತಾಳೆಯ ಮೇರುವೊಂದನ್ನು ಕೈಯಾರೆ ರಚಿಸಿ, ಮೂರು ಚಿಕ್ಕ ಹಿಡಿಕಟ್ಟುಗಳಿಂದ ಎರಡೆರಡು ತಂತಿಗಳನ್ನು ಬಿಗಿದನು. ಹಿತ್ತಾಳೆ ಬೇಗ ಸವೆಯಿತು. ಹದಗೊಳಿಸಿದ ಉಕ್ಕಿಗೆ ಹೋದನು. ಅನಂತರ ಕುದುರೆಯ ಕಡೆಯ ತುದಿಯನ್ನೂ ಬಿಗಿದನು. ತಂತಿಯ ಕೊನೆಯ ಗುಂಡನ್ನು ಕತ್ತರಿಸಿ, ಬರಿಯ ತಂತಿಯನ್ನು ಉಕ್ಕಿನ ತುಂಡುಗಳ ನಡುವೆ ಅದುಮಿಟ್ಟು, ಇಡೀ ತಟ್ಟೆಯನ್ನು ಎರಡು ಕಂಬಗಳಿಗೆ ಚೂರಿಯ ಬಾಯಂಥ ಅಂಚಿನಿಂದ ಆತುಕೊಳ್ಳುವಂತೆ ನಿಲ್ಲಿಸಿದನು. 1979ರಲ್ಲಿ ಪೇಟೆಂಟ್ ದೊರೆಯಿತು.

ಚಿನಿವಾರನ ಅಂಗಡಿಯ ತಕ್ಕಡಿಯನ್ನು ಕಂಡವರು ಈ ರಚನೆಯನ್ನು ಒಡನೆಯೇ ಗುರುತಿಸುವರು. ಒಳ್ಳೆಯ ತ್ರಾಸಿನ ದಂಡವೂ ಹೀಗೆಯೇ ಒಂದು ಅಲಗಿನ ಮೇಲೆ ನಿಂತಿರುತ್ತದೆ. ಗಿಟಾರಿನ ಈ ತಕ್ಕಡಿಯಲ್ಲಿ ಒಂದು ಪಕ್ಕಕ್ಕೆ ಆರು ತಂತಿಗಳು ಸೇರಿ ಸುಮಾರು 40 ಕಿಲೋ ಭಾರದಷ್ಟು ಎಳೆಯುತ್ತವೆ. ಇನ್ನೊಂದು ಪಕ್ಕಕ್ಕೆ ಬೆನ್ನಿನ ಗೂಡಿನೊಳಗಿನ ಸ್ಪ್ರಿಂಗುಗಳು ಅದನ್ನು ಸರಿದೂಗಿಸುವಂತೆ ಎಳೆಯುತ್ತವೆ. ನಡುವೆ ಇರುವುದು ಕೂದಲೆಳೆಯಷ್ಟು ಅಂಚು. ಅದು ಮೊಂಡಾದರೆ ತಕ್ಕಡಿ ಸುಳ್ಳು ಹೇಳುತ್ತದೆ.

ಮುಂದಿನ ವ್ಯಾಪಾರದ ವೃತ್ತಾಂತವನ್ನು ಬೇಗನೆ ಮುಗಿಸುತ್ತೇನೆ. ಮೇರುವಿನಲ್ಲಿ ತಂತಿ ಬಿಗಿದ ಮೇಲೆ ಬಿರಡೆಗಳಿಗೆ ಕೆಲಸವಿಲ್ಲವಾದುದರಿಂದ, ಕುದುರೆಯಲ್ಲಿಯೇ ಶ್ರುತಿ ತಿದ್ದುವ ಸೂಕ್ಷ್ಮ ತಿರುಪುಗಳು ಬಂದವು. ಕ್ರೇಮರ್ ಕಂಪನಿ ಇದನ್ನು ತನ್ನ ಗಿಟಾರುಗಳಿಗೆ ಅಳವಡಿಸಿತು. ಎಡ್ಡಿ ವ್ಯಾನ್ ಹ್ಯಾಲನ್ ಇದನ್ನು ಲೋಕಪ್ರಸಿದ್ಧಗೊಳಿಸಿದನು. ಜರ್ಮನಿಯ ಷಾಲರ್, ಜಪಾನಿನ ಗೊಟೊ ಇವರ ಕಾರ್ಖಾನೆಗಳಿಂದ ಉತ್ತಮ ಕುದುರೆಗಳು ಹೊರಬಿದ್ದವು. ನಮ್ಮ ಊರಿಗೆ ಅದರ ಪೂರ್ಣ ಘೋಷ ಕೇಳಿಸಿದುದು ಅರಮನೆ ಮೈದಾನದಲ್ಲಿ, 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡವೂ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡವೂ ಬಂದಾಗ. ಅಂದು ಎಲೆಕ್ಟ್ರಾನಿಕ್ ಸಿಟಿಯಿಂದಲೂ ವೈಟ್‌ಫೀಲ್ಡಿನಿಂದಲೂ ಹೋದ ಎಷ್ಟೋ ತರುಣರು ಸಂಬಳದ ಹಣದಿಂದ ಇಂಥ ಗಿಟಾರನ್ನು ಕೊಂಡರು. ನನ್ನ ಅಳಿಯನೂ ಅವರಲ್ಲೊಬ್ಬನು.

ಅವನು ಕೊಂಡುದರ ಕುದುರೆ ಸತುವಿನ ಮಿಶ್ರಲೋಹದ ಎರಕ. ಹೊಳಪಿಗೆ ಕೊರತೆಯಿರಲಿಲ್ಲ. ಮಿತ್ರರು ತಟ್ಟೆಯ ತಳದ ಮೂಲೆಗೆ ಅರವನ್ನು ಮೆಲ್ಲನೆ ಆಡಿಸಿದರು. ಅರ ಕಚ್ಚಿ, ಬೂದಿಯಂಥ ಪುಡಿ ಉದುರಿತು. ಪಕ್ಕದಲ್ಲಿದ್ದ ಹದಗೊಳಿಸಿದ ಉಕ್ಕಿನ ಹತಾರದ ಮೇಲೆ ಅದೇ ಅರವನ್ನಾಡಿಸಿದಾಗ ಗಾಜಿನ ಮೇಲೆಂಬಂತೆ ಕಿರ್ರೆಂದು ಜಾರಿತು. ಇಷ್ಟು ಮೆದುವಾದ ಲೋಹದಲ್ಲಿ ಅಲಗನ್ನು ಎರಕಹೊಯ್ದು, ನಂಬಿ ಕೊಳ್ಳುವ ಹುಡುಗರ ಕೈಗೆ ಕೊಡುವುದು ನನಗೆ ತುಂಬ ನೋವಿನ ಸಂಗತಿ. "ಇದಕ್ಕೇ ಸಾಣೆ ಹಿಡಿದು ಕೊಡಿ" ಎಂದು ಅಳಿಯ ಬೇಡಿದನು. ಮಿತ್ರರು ಒಪ್ಪಲಿಲ್ಲ. ಸತುವಿಗೆ ಹಿಡಿದ ಸಾಣೆ ತಿಂಗಳೊಳಗೆ ಹೋಗುತ್ತದೆ. ಉಕ್ಕಿನದಾಗಿದ್ದರೂ, ಹದವು ಮೇಲ್ಮೈಯಲ್ಲಿ ಮಾತ್ರ ಇದ್ದ ಪಕ್ಷದಲ್ಲಿ ಸಾಣೆಯ ಕಲ್ಲು ಆ ಪದರವನ್ನೇ ತಿಂದುಹಾಕುತ್ತದೆ.

ಆದಕಾರಣ ಹೊಸದನ್ನು ಆರಿಸಬೇಕಾಯಿತು, ಆರಿಸುವುದಕ್ಕೆ ಮೊದಲು ಅಳೆಯಬೇಕಾಯಿತು. ಗಿಟಾರಿದ್ದ ಅಳಿಯನ ಫ್ಲ್ಯಾಟಿಗೆ ಹೋಗಿ, ವರ್ನಿಯರ್ ಹಿಡಿದು ಎರಡು ಕಂಬಗಳ ನಡುವಿನ ಅಂತರವನ್ನು ನಡುವಿನಿಂದ ನಡುವಿಗೆ ನೋಡಿದೆವು. ಮೂಲ ಫ್ಲಾಯ್ಡ್ ರೋಸಿಗೆ ಬೇಕಾದ 74 ಮಿಲಿಮೀಟರೇ ಇದ್ದಿತು. ಅದು ಕೂಡದಿದ್ದರೆ ಮರವನ್ನು ಮುಚ್ಚಿ ಮತ್ತೆ ಕೊರೆಯಬೇಕಾಗುತ್ತಿತ್ತು. ಕುದುರೆಯ ಕೆಳಗೆ ತೂಗುವ ಲೋಹದ ದಿಮ್ಮಿ 32, 37, 42 ಮಿಲಿಮೀಟರಿನ ಉದ್ದಗಳಲ್ಲಿ ಸಿಗುತ್ತದೆ. ಗಿಟಾರಿನ ಒಡಲು ತೆಳುವಾಗಿದ್ದಲ್ಲಿ ಉದ್ದನೆಯ ದಿಮ್ಮಿ ಬೆನ್ನಿನಿಂದ ಹೊರಚಾಚೀತು. ಮೇರುವಿನ ಅಗಲವನ್ನು ಬೇರೆಯಾಗಿ ಗುರುತಿಸಿಕೊಂಡೆವು. ಕಂಬಗಳನ್ನೂ ಹೊಸದಾಗಿ ತರಿಸಬೇಕೆಂದು ಮಿತ್ರರು ಒತ್ತಿ ಹೇಳಿದರು. ಹಳೆಯ ಕಂಬದ ಕೊರಳಿನಲ್ಲಿ ಹಳೆಯ ಅಲಗು ಕೊರೆದ ಗೀರಿನೊಳಗೆ ಹೊಸ ಅಲಗನ್ನು ಕೂರಿಸುವುದು ವ್ಯರ್ಥ. 1953ರಲ್ಲಿ ಎಚ್‌ಎಂಟಿ ಸ್ಥಾಪನೆಯಾದಂದಿನಿಂದ ಜಾಲಹಳ್ಳಿ, ಪೀಣ್ಯಗಳ ಈ ಸೀಮೆಯಲ್ಲಿ ಬೆಳೆದು ಬಂದಿರುವ ಮಿಲಿಮೀಟರಿನ ಶ್ರದ್ಧೆ ಅವರ ಮಾತಿನಲ್ಲಿತ್ತು. ಇಲ್ಲಿಯ ಕೈಗಳೇ ಇಂಥ ಕುದುರೆಯೊಂದನ್ನು ಮಾಡುವುದನ್ನು ನೋಡಬೇಕೆಂಬುದು ನನ್ನ ಬಹುಕಾಲದ ಆಸೆ.

ಉಕ್ಕಿನ ಕುದುರೆ ಬಂದುದು ಮೂರು ವಾರಗಳ ಮೇಲೆ. ಅಳಿಯನ ಫ್ಲ್ಯಾಟಿನಲ್ಲಿ, ತಂತಿಗಳು ಸಡಿಲವಿರುವಾಗಲೇ ಕಂಬಗಳ ಎತ್ತರವನ್ನು ಸರಿಪಡಿಸಿದೆವು. ಪೂರ್ಣ ಬಿಗಿಯಲ್ಲಿ ಕಂಬವನ್ನು ತಿರುಗಿಸಿದರೆ ಅಲಗು ಕೆಡುತ್ತದೆ. ಒಂದು ತಂತಿ ಬಿಗಿದರೆ ಉಳಿದೈದು ಇಳಿಯುತ್ತಿದ್ದವು, ತಕ್ಕಡಿಯಲ್ಲವೆ? ಬೆನ್ನಿನ ತಿರುಪನ್ನು ಕಾಲು ಕಾಲು ಸುತ್ತು ತಿರುಗಿಸುತ್ತ, ತಟ್ಟೆ ಒಡಲಿಗೆ ಸಮನಾಗಿ ನಿಲ್ಲುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿತ್ತು. ಒಳಗಿನ ಕೋಣೆಯಿಂದ ತಂಗಿ ತನ್ನ ಶ್ರುತಿಪೆಟ್ಟಿಗೆಯನ್ನು ತಂದು, ದಪ್ಪ ತಂತಿಯ ಸ್ವರಕ್ಕೆ ಅದರ ಷಡ್ಜವನ್ನು ಕೂಡಿಸಿ ಇಟ್ಟಳು. ಅಳಿಯ ಮೇರುವಿನ ಮೂರು ತಿರುಪುಗಳನ್ನು ಬಿಗಿದು, ತಂತಿಯನ್ನು ಮೀಟಿ, ಹಿಡಿಯನ್ನು ಕೊನೆಯವರೆಗೂ ಒತ್ತಿದನು. ತಂತಿಗಳು ಜೋತುಬಿದ್ದು ಪಟಪಟನೆ ಬಡಿದವು. ಸ್ವರ ಪಾತಾಳಕ್ಕಿಳಿದು ಅಡಗಿತು. ಅವನು ಕೈ ಬಿಟ್ಟು, ಮತ್ತೆ ಮೀಟಿದನು. ಪೆಟ್ಟಿಗೆಯ ಷಡ್ಜ ಯಾವುದು, ತಂತಿಯ ಸ್ವರ ಯಾವುದು ಎಂದು ಬೇರೆಮಾಡಿ ಕೇಳಲು ನನ್ನ ಕಿವಿಗೆ ಆಗಲಿಲ್ಲ.