12 ಲಕ್ಷದ ಆಫರ್ ಲೆಟರ್‌ನಲ್ಲಿ ಕೈಗೆ ಬರೋದೆಷ್ಟು?

ಮೆಟ್ರೋದಲ್ಲಿ ನಿಂತ್ಕೊಂಡು ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿರೋರೇ ಜಾಸ್ತಿ ಅಂತ ನಂಗೊತ್ತು. ಅದರಲ್ಲೂ ನೇರಳೆ ಮಾರ್ಗದಲ್ಲಿ ಹಲಸೂರು, ಇಂದಿರಾನಗರ ದಾಟಿ ವೈಟ್‌ಫೀಲ್ಡ್ ಕಡೆ ಹೋಗೋರು. ಇವತ್ತಿನ ವಿಷಯ ನಿಮ್ಮದೇ: ಜಾಸ್ತಿ ಸಂಬಳ ಕೊಡೋ ಕೆಲಸವನ್ನ ಆರಿಸ್ಕೊಳ್ಳೋದು ಹೇಗೆ?

ಮೊದಲೇ ಹೇಳಿಬಿಡ್ತೀನಿ, "ದುಡ್ಡು ಮುಖ್ಯ ಅಲ್ಲ, ಪ್ಯಾಶನ್ ಮುಖ್ಯ" ಅನ್ನೋ ಭಾಷಣ ನಾನು ಮಾಡಲ್ಲ. ಮನೇಲಿ ಎಜುಕೇಶನ್ ಲೋನ್ ಇರೋರಿಗೆ, ತಮ್ಮನ ಫೀಸ್ ಕಟ್ಟಬೇಕಾದೋರಿಗೆ ಆ ಮಾತು ಹೊಟ್ಟೆ ತುಂಬಿಸಲ್ಲ. ದುಡ್ಡೇ ದೊಡ್ಡಪ್ಪ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಆ ಗಾದೆಯ ಎರಡನೇ ಅರ್ಧವನ್ನ ನಾವು ಮರೆತುಬಿಡ್ತೀವಿ: ವಿದ್ಯೆ ಅದರಪ್ಪ!

ನನ್ನ ಚಿಕ್ಕಮ್ಮನ ಮಗಳು ಕೆ.ಆರ್. ಪುರಂನಲ್ಲಿದ್ದಾಳೆ. ಈ ವಾರ ಅವಳ ಕೈಯಲ್ಲಿ ಎರಡು ಆಫರ್ ಇವೆ. ಒಂದು ವರ್ಷಕ್ಕೆ 12 ಲಕ್ಷ, ಇನ್ನೊಂದು 9 ಲಕ್ಷ 60 ಸಾವಿರ. ಸೋಮವಾರದೊಳಗೆ ಉತ್ತರ ಕೊಡಬೇಕು. ಮನೆಯವರೆಲ್ಲಾ "ಇದರಲ್ಲಿ ಯೋಚನೆ ಮಾಡೋಕೆ ಏನಿದೆ?" ಅಂತಿದ್ದಾರೆ. 12 ದೊಡ್ಡದು, 9.6 ಚಿಕ್ಕದು, ಮುಗೀತು. ನಾವಿಬ್ಬರೂ ಕೂತು ಲೆಕ್ಕ ಹಾಕಿದ್ವಿ.

12 ಲಕ್ಷ ಅಂದ್ರೆ ತಿಂಗಳಿಗೆ ಒಂದು ಲಕ್ಷ ಅಲ್ಲ. ಅದು ಸಿಟಿಸಿ, ಅಂದ್ರೆ ಕಂಪನಿಗೆ ನೀವು ಬೀಳೋ ಒಟ್ಟು ಖರ್ಚು. ಅವಳ ಲೆಟರ್‌ನಲ್ಲಿ 1 ಲಕ್ಷ 80 ಸಾವಿರ ವೇರಿಯಬಲ್ ಪೇ. ಕಂಪನಿ ಚೆನ್ನಾಗಿ ನಡೆದ್ರೆ, ಮ್ಯಾನೇಜರ್ ಒಳ್ಳೆ ರೇಟಿಂಗ್ ಕೊಟ್ರೆ ಮಾತ್ರ ಪೂರ್ತಿ ಬರುತ್ತೆ. 1 ಲಕ್ಷ ಜಾಯ್ನಿಂಗ್ ಬೋನಸ್. ಅದು ಮೊದಲ ವರ್ಷ ಮಾತ್ರ, ವರ್ಷದೊಳಗೆ ಬಿಟ್ರೆ ವಾಪಸ್ ಕಟ್ಟಬೇಕು. ಕಂಪನಿ ಕಡೆಯ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್ ಸೇರಿ ಸುಮಾರು 80 ಸಾವಿರ. ಗ್ರಾಚ್ಯುಟಿ ಕಾಯಂ ನೌಕರರ ಕೈಗೆ ಸಿಗೋದು ಸಾಮಾನ್ಯವಾಗಿ ಐದು ವರ್ಷ ಸೇವೆ ಆದ ಮೇಲೆ. ಇದನ್ನೆಲ್ಲಾ ಕಳೆದ್ರೆ ಉಳಿಯೋದು 8 ಲಕ್ಷ 40 ಸಾವಿರ, ತಿಂಗಳಿಗೆ 70 ಸಾವಿರ. ಅದರಲ್ಲಿ ಮೂಲ ವೇತನ 35 ಸಾವಿರ. ಅದರ ಶೇಕಡಾ 12 ಅವಳ ಪಾಲಿನ ಪಿಎಫ್, 4,200. ವೃತ್ತಿ ತೆರಿಗೆ 200. ಕೈಗೆ ಬರೋದು 65,600.

ಎರಡನೇ ಆಫರ್‌ನಲ್ಲಿ ವೇರಿಯಬಲ್ ಇಲ್ಲ, ಬೋನಸ್ ಇಲ್ಲ. ಅದೇ ರೀತಿ ಲೆಕ್ಕ ಹಾಕಿದ್ರೆ ತಿಂಗಳಿಗೆ ಸುಮಾರು 68,700. ಅಂದ್ರೆ ಚಿಕ್ಕ ಆಫರ್‌ನಲ್ಲೇ ತಿಂಗಳ ಸಂಬಳ ಮೂರು ಸಾವಿರ ಜಾಸ್ತಿ! ಹಾಗಂತ ದೊಡ್ಡ ಆಫರ್ ಮೋಸ ಅಂತಲ್ಲ. ಎಲ್ಲಾ ಪೂರ್ತಿ ಬಂದ್ರೆ ವರ್ಷದ ಕೊನೆಗೆ ಅದೇ ಮುಂದೆ. ಆದರೆ ಅವಳ ಮನೆಯ ಇಎಂಐ ವರ್ಷದ ಕೊನೆಗೆ ಬರಲ್ಲ, ಪ್ರತಿ ತಿಂಗಳು 5ನೇ ತಾರೀಕು ಬರುತ್ತೆ.

ಈಗ ವಿದ್ಯೆಯ ಭಾಗಕ್ಕೆ ಬರೋಣ. ಅವಳ ಮನೆ ಹತ್ತಿರವೇ ದೂರವಾಣಿನಗರ ಇದೆ. ಈ ಹೆಸರು ಯಾಕೆ ಬಂತು ಅಂತ ಯೋಚಿಸಿದ್ದೀರಾ? 1948ರಲ್ಲಿ ಅಲ್ಲಿ ಐಟಿಐ, ಅಂದ್ರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಯ್ತು. ದೇಶಕ್ಕೆಲ್ಲಾ ಟೆಲಿಫೋನ್ ಮಾಡಿಕೊಡ್ತಿದ್ದ ಸರ್ಕಾರಿ ಕಾರ್ಖಾನೆ. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎಲ್ಲಾ ಇತ್ತು. ಆಗಿನ ಅಪ್ಪ ಅಮ್ಮಂದಿರಿಗೆ ಐಟಿಐ, ಎಚ್‌ಎಎಲ್ ಕೆಲಸ ಅಂದ್ರೆ ಇವತ್ತಿನ ದೊಡ್ಡ ಪ್ಯಾಕೇಜ್ ಇದ್ದ ಹಾಗೆ. ಅದೇ ಹಳೇ ಮದ್ರಾಸ್ ರಸ್ತೆಯಲ್ಲಿ ಬೈಯಪ್ಪನಹಳ್ಳಿ ಹತ್ತಿರ ಎನ್‌ಜಿಇಎಫ್ ಇತ್ತು. ಟ್ರಾನ್ಸ್‌ಫಾರ್ಮರ್, ಮೋಟಾರ್ ತಯಾರಾಗ್ತಿತ್ತು. ಜರ್ಮನಿಯ ಎಇಜಿ ಕಂಪನಿಯ ಸಹಯೋಗ ಬೇರೆ.

ಆಮೇಲೇನಾಯ್ತು? ಯಾಂತ್ರಿಕ ಸ್ಟ್ರೌಜರ್ ಎಕ್ಸ್‌ಚೇಂಜ್ ಹೋಗಿ ಡಿಜಿಟಲ್ ಬಂತು. 1991ರ ಉದಾರೀಕರಣದ ನಂತರ ಖಾಸಗಿ, ವಿದೇಶಿ ಕಂಪನಿಗಳ ಪೈಪೋಟಿ ಬಂತು. ಐಟಿಐ ಇವತ್ತೂ ಇದೆ, ಆದರೆ ಆ ವೈಭವ ಇಲ್ಲ. ಎನ್‌ಜಿಇಎಫ್ ಮುಚ್ಚಿಯೇ ಹೋಯ್ತು. ಹೆಸರು ಮಾತ್ರ ಲೇಔಟ್ ಬೋರ್ಡ್‌ನಲ್ಲಿ ಉಳ್ಕೊಂಡಿದೆ.

ಇದರಿಂದ ನನಗೆ ತಿಳಿದದ್ದು ಇಷ್ಟೇ. ಸಂಬಳ ಅನ್ನೋದು ನಮ್ಮ ಯೋಗ್ಯತೆಯ ಮಾರ್ಕ್ಸ್ ಕಾರ್ಡ್ ಅಲ್ಲ. ಈ ಹೊತ್ತಿಗೆ ಮಾರ್ಕೆಟ್‌ನಲ್ಲಿ ಯಾವ ಕೌಶಲ ಕಮ್ಮಿ ಸಿಗುತ್ತೋ ಅದರ ಬೆಲೆ. ಎಲ್ಲರಿಗೂ ಬರೋ ಕೆಲಸದ ಬೆಲೆ ಏರಲ್ಲ. ದೊಡ್ಡ ಐಟಿ ಸರ್ವಿಸ್ ಕಂಪನಿಗಳಲ್ಲಿ ಫ್ರೆಶರ್‌ಗಳ ಸಾಮಾನ್ಯ ಪ್ಯಾಕೇಜ್ ಹತ್ತು ವರ್ಷಕ್ಕೂ ಮೇಲಿಂದ ಮೂರೂವರೆ ಲಕ್ಷದ ಆಸುಪಾಸಲ್ಲೇ ನಿಂತಿದೆ. ಬಾಡಿಗೆ ಮಾತ್ರ ನಿಂತಿಲ್ಲ! ಅದೇ ಶಿವಾಜಿನಗರದ ಗ್ಯಾರೇಜ್‌ಗಳಲ್ಲಿ ನೋಡಿ, ಇಂಜಿನ್ ಸದ್ದು ಕೇಳಿಯೇ ರೋಗ ಹೇಳೋ ಮೆಕ್ಯಾನಿಕ್‌ಗೆ ಗಿರಾಕಿ ಕಾಯ್ತಾರೆ. ಆದರೆ ನಾಳೆ ರಸ್ತೆ ತುಂಬಾ ಎಲೆಕ್ಟ್ರಿಕ್ ಗಾಡಿ ಬಂದ್ರೆ ಅವರೂ ಹೊಸದಾಗಿ ಕಲೀಲೇಬೇಕು.

ಅದಕ್ಕೇ ತಂಗಿಗೆ ಮೂರು ಪ್ರಶ್ನೆ ಕೇಳಿದೆ. ಒಂದು, ತಿಂಗಳ ಕೊನೆಗೆ ಅಕೌಂಟ್‌ಗೆ ನಿಜವಾಗಿ ಬೀಳೋದೆಷ್ಟು? ಎರಡು, ಈ ಕಂಪನಿ ನಾಳೆ ಮುಚ್ಚಿದ್ರೆ, ಇಲ್ಲಿ ಕಲಿತದ್ದಕ್ಕೆ ಬೇರೆ ಯಾರಾದ್ರೂ ದುಡ್ಡು ಕೊಡ್ತಾರಾ? ಮೂರು, ಸಂಬಳದ ಜೊತೆ ನಾನು ಏನು ಕೊಡ್ತಿದ್ದೀನಿ? ನಿದ್ದೆನಾ, ಆರೋಗ್ಯನಾ, ದಿನಕ್ಕೆ ಮೂರು ಗಂಟೆ ಟ್ರಾಫಿಕ್ಕಾ?

12 ಲಕ್ಷದ ಕೆಲಸ ರಾತ್ರಿ ಪಾಳಿಯ ಸಪೋರ್ಟ್, ಆ ಕಂಪನಿಯದ್ದೇ ಸ್ವಂತ ಟೂಲ್ ಮೇಲೆ. ಹೊರಗೆ ಅದನ್ನ ಯಾರೂ ಬಳಸಲ್ಲ. 9.6 ಲಕ್ಷದ್ದು ಇಂದಿರಾನಗರದಲ್ಲಿ, ಹಗಲು ಕೆಲಸ, ಬ್ಯಾಕೆಂಡ್ ಕೋಡಿಂಗ್. ಆದರೆ ಚಿಕ್ಕ ಕಂಪನಿ, ಅದಕ್ಕೂ ಅದರದೇ ರಿಸ್ಕ್ ಇದೆ. ಅದನ್ನೂ ಅವಳಿಗೆ ಹೇಳಿದೆ. ನಾನಾಗಿದ್ರೆ ಎರಡನೇದು ತಗೋತಿದ್ದೆ ಅಂತಾನೂ ಹೇಳಿದೆ. ಆದರೆ ಸೈನ್ ಹಾಕಬೇಕಾದವಳು ಅವಳು. ಈಗ ಮನೇಲಿ ಅಪ್ಪನ ಮುಂದೆ ಈ ಲೆಕ್ಕದ ಹಾಳೆ ಇಟ್ಟು ಮಾತಾಡ್ತೀನಿ ಅಂದಿದ್ದಾಳೆ.

ನಿಮ್ಮ ಹತ್ರಾನೂ ಆಫರ್ ಲೆಟರ್ ಇದ್ರೆ, ಮೊದಲ ಪುಟದ ದೊಡ್ಡ ಅಂಕಿ ಬಿಟ್ಟು ಕೊನೇ ಪುಟದ ಟೇಬಲ್ ತೆಗೀರಿ. ಎಚ್‌ಆರ್‌ಗೆ "ಇನ್ ಹ್ಯಾಂಡ್ ಎಷ್ಟು, ಕಳೆದ ವರ್ಷ ವೇರಿಯಬಲ್ ಶೇಕಡಾ ಎಷ್ಟು ಕೊಟ್ರಿ" ಅಂತ ಇಮೇಲ್‌ನಲ್ಲೇ ಕೇಳಿ. ಕೇಳೋಕೆ ನಾಚಿಕೆ ಪಡಬೇಡಿ, ದುಡಿಯೋರು ನೀವು. ಮುಂದಿನ ವಾರ ಸಿಗೋಣ, ಆರೋಗ್ಯ ನೋಡ್ಕೊಳ್ಳಿ.