ಕಡಲು ದಾಟಿ ಬಂದ ದಾದಿಯರು



ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ದೇವಾಲಯ ಕಟ್ಟಿದವರನ್ನು ನೆನೆಯುವುದು ಸಹಜ. ರೋಗಿಯ ಹಾಸಿಗೆಯ ಬಳಿ ನಿಂತು ಧರ್ಮಸಭೆಯನ್ನು ಕಟ್ಟಿದವರನ್ನು ನೆನೆಯುವುದೂ ನಮ್ಮ ಕರ್ತವ್ಯವಾಗಿದೆ.

1843ರಲ್ಲಿ ಫ್ರಾನ್ಸ್ ದೇಶದ ಕಾಂತಾವು ಎಂಬ ಹಳ್ಳಿಯಲ್ಲಿ ಆರು ಮಂದಿ ಯುವತಿಯರು ಕೂಡಿ ಒಂದು ಸಭೆಯನ್ನು ಆರಂಭಿಸಿದರು. ಅದೇ ತಾರ್ಬಿನ ಸಂತ ಜೋಸೆಫರ ಸಹೋದರಿಯರ ಸಭೆ. ಆ ಸಭೆಯ ಸಹೋದರಿಯರು 1882ರಲ್ಲಿ ಕಡಲು ದಾಟಿ ಬೆಂಗಳೂರಿಗೆ ಬಂದು, ದಂಡುಪ್ರದೇಶದ ಬೌರಿಂಗ್ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆಯನ್ನು ಕೈಗೊಂಡರು. ಲಂಡನ್ ನಗರದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ದಾದಿಯರ ಶಾಲೆಯನ್ನು ತೆರೆದು ಆಗ ಕೇವಲ 22 ವರ್ಷಗಳಾಗಿದ್ದವು. ಅನ್ಯರ ಹುಣ್ಣು ತೊಳೆಯುವುದು ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂದು ಜನರು ಬಗೆಯುತ್ತಿದ್ದ ಕಾಲವದು.

ಇವರಿಗೂ ಮುಂಚೆ, 1854ರಲ್ಲಿ, ಬಿಷಪ್ ಶಾರ್ಬೊನೊ ಅವರ ಕರೆಗೆ ಓಗೊಟ್ಟು ಫ್ರಾನ್ಸಿನ ಆಂಜೇ ನಗರದ ಗುಡ್ ಶೆಫರ್ಡ್ ಸಭೆಯ ಸಹೋದರಿಯರು ಬೆಂಗಳೂರಿಗೆ ಬಂದಿದ್ದರು. ಸೂಯೆಜ್ ಕಾಲುವೆ ತೆರೆದುದು 1869ರಲ್ಲಿ. ಅದಕ್ಕೂ ಹಿಂದಿನ ಪ್ರಯಾಣದ ಕಷ್ಟವನ್ನು ನಾವು ಊಹಿಸಬಹುದು. ಮೊದಲು ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸಿದ ಇವರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಸ್ಥಾಪಿಸಿದರು. ಅತಿಥಿಯಾಗಿ ಬಂದ ಪ್ರಭುವನ್ನು ಉಪಚರಿಸಿದ ಮಾರ್ತಳ ಹೆಸರು ಆಸ್ಪತ್ರೆಗೆ ಎಷ್ಟು ಒಪ್ಪುವಂಥದು!

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. 2020ರಲ್ಲಿ ಕೊರೋನಾ ನಮ್ಮ ಕಲಬುರಗಿ ಜಿಲ್ಲೆಯನ್ನೂ ಕಾಡಿತು. ರೋಗಕ್ಕೆ ಹೆದರಿ ದೂರ ಸರಿಯುವುದು ಲೋಕದ ರೂಢಿ. ಬಳಿಯಲ್ಲಿ ನಿಲ್ಲುವುದು ದಾದಿಯ ಧರ್ಮ.

ಈ ಮಾತನ್ನು ನಾನು ಕೇವಲ ಇತಿಹಾಸಕ್ಕಾಗಿ ಹೇಳುತ್ತಿಲ್ಲ. ಮಗಳು "ದಾದಿಯಾಗುತ್ತೇನೆ" ಎಂದಾಗ ನಮ್ಮಲ್ಲಿ ಇಂದಿಗೂ ಕೆಲವು ತಾಯಿತಂದೆಯರು ಅಳುಕುತ್ತಾರೆ. ರಾತ್ರಿ ಪಾಳಿಯೇ, ಪರರ ಮಲಮೂತ್ರವೇ, ನಾಳೆ ವರ ಸಿಗುವುದೆಂತು ಎಂದು ಕೇಳುತ್ತಾರೆ. ಅವರ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಭಾಷೆ ಬಾರದ ನಾಡಿಗೆ ಬಂದು ನಮ್ಮವರ ಗಾಯ ಕಟ್ಟಿದವರೂ ಯಾರೋ ತಾಯಿತಂದೆಯರ ಹೆಣ್ಣುಮಕ್ಕಳೇ ಅಲ್ಲವೇ? ಆ ತಾಯಂದಿರೂ ಕಣ್ಣೀರಿಟ್ಟೇ ಕಳುಹಿಸಿರಬೇಕು.

ಮಳೆಗಾಲದಲ್ಲಿ ಭೀಮೆ ಉಕ್ಕಿ ಹರಿದು ದಾರಿ ಕಟ್ಟಿದಾಗ, ಹೆರಿಗೆ ನೋವಿನಲ್ಲಿರುವ ತಾಯಿಗೆ ಕಲಬುರಗಿಯ ಆಸ್ಪತ್ರೆ ಬಲು ದೂರ. ಊರಲ್ಲಿಯೇ ತರಬೇತಾದ ದಾದಿಯೊಬ್ಬಳಿದ್ದರೆ ಎರಡು ಜೀವ ಉಳಿದೀತು. ಆದುದರಿಂದ ಶುಶ್ರೂಷೆಯನ್ನು ಕಲಿಯಬಯಸುವ ಮಗಳನ್ನು ತಡೆಯಬೇಡಿರಿ; ಶುಲ್ಕಕ್ಕೆ ತೊಂದರೆಯಿದ್ದರೆ ಧರ್ಮಕೇಂದ್ರವೇ ಕೈಹಿಡಿಯಲಿ. ಶತಮಾನೋತ್ಸವಕ್ಕೆ ಇದಕ್ಕಿಂತ ಉತ್ತಮ ಕಾಣಿಕೆಯಿಲ್ಲ.